ಹುಲಕೋಟಿಯಿಂದ ನೆಟ್ಟಗೆ ದಕ್ಷಿಣಕ್ಕೆ

"ಆಪಾ, ನಮ್ಮೂರಿಂದ ಸೀದಾ ಕೆಳಗ ಹೋಗಕೋಂತ ಹೋದ್ರ ಕಡೀಕ ಏನ್ ಬರತೈತ್ರೀ?"

ಏಳನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ ಇದು. ಗೋಡೆಗೆ ತೂಗುಹಾಕಿದ್ದ ಪ್ರಪಂಚದ ನಕ್ಷೆಯಲ್ಲಿ ಗದಗ ಎಲ್ಲಿರಬಹುದೆಂದು ಅಂದಾಜು ಮಾಡಿ, ಅಲ್ಲಿಂದ ಬೆರಳನ್ನು ಕೆಳಕ್ಕೆ ಎಳೆಯುತ್ತಾ ಬಂದಿದ್ದಳು. ನಮ್ಮ ಆ ನಕ್ಷೆ ಬಹಳ ಹಳೆಯದು. ಕೆಳಗಿನ ಕೋಲು ಕಿತ್ತುಹೋದಾಗ ಯಾರೋ ಹೊಸ ರೀಪು ಹೊಡೆದು, ನಕ್ಷೆಯ ಒಂದು ಗೇಣು ಭಾಗವನ್ನು ಅದರೊಳಗೆ ಸುತ್ತಿಬಿಟ್ಟಿದ್ದರು. ಹಾಗಾಗಿ ಅವಳ ಬೆರಳು ನೀಲಿ ಬಣ್ಣವನ್ನು ದಾಟಿ ಮರಕ್ಕೆ ಹೋಗಿ ತಾಗಿತು. ಗಂಟೆ ಹೊಡೆಯುವ ಹೊತ್ತಾಗಿತ್ತು. "ಸಮುದ್ರ ಬರತೈತಿ. ಆಮ್ಯಾಲೆ ಏನೂ ಇಲ್ಲ, ಬರೇ ಬರ್ಫ್" ಎಂದು ಹೇಳಿ ಪುಸ್ತಕ ಮುಚ್ಚಿದೆ.

ಸಹೋದರಿಯರೇ, ಅಂದು ರಾತ್ರಿ ರೊಟ್ಟಿ ಬಡಿಯುವಾಗ ಆ ಮಾತು ನನ್ನನ್ನು ಕೊರೆಯತೊಡಗಿತು. "ಏನೂ ಇಲ್ಲ" ಎಂದು ಹೇಳಿದ್ದು ಒಬ್ಬಳಿಗಲ್ಲ, ನಲವತ್ತು ಮಕ್ಕಳಿಗೆ. ಟೀಚರ್ ಹೇಳಿದ್ದನ್ನು ಅವರು ಮನೆಗೆ ಹೋಗಿ ಅಮ್ಮಂದಿರಿಗೆ ಹೇಳುತ್ತಾರೆ, ಮುಂದೆ ತಮ್ಮ ಮಕ್ಕಳಿಗೂ ಹೇಳುತ್ತಾರೆ. ನಾನು ಮೊದಲು ಮದ್ರಸಾದಲ್ಲಿ ಓದಿದವಳು, ಆಮೇಲೆ ಬಿ.ಎ. ಕಟ್ಟಿ ಭೂಗೋಳವನ್ನು ಐಚ್ಛಿಕ ವಿಷಯವಾಗಿ ಓದಿದವಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕೆಂದು ನಮ್ಮ ಉಸ್ತಾದರು ಕಲಿಸಿದ್ದರು. ಅದನ್ನಾದರೂ ಹೇಳಬಹುದಿತ್ತು. ಕೈ ತೊಳೆದುಕೊಂಡು ಮಗನ ಅಟ್ಲಾಸನ್ನೂ ಸ್ಕೇಲನ್ನೂ ತೆಗೆದುಕೊಂಡು ಕುಳಿತೆ. ಆಗ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಟ್ಲಾಸ್ ಇದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಿ.

ಹುಲಕೋಟಿ ಎಂದರೆ ಗದಗಿನಿಂದ ಹುಬ್ಬಳ್ಳಿ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ಊರು. ಸುತ್ತ ಎರೆ ಹೊಲ, ಹತ್ತಿ, ಸಹಕಾರಿ ನೂಲಿನ ಗಿರಣಿ. ಕೆ.ಎಚ್. ಪಾಟೀಲರ ಊರೆಂದು, ಸಹಕಾರಿ ಸಂಘಗಳ ಊರೆಂದು ಹಲವರು ಕೇಳಿರಬಹುದು. ಇದು ಇರುವುದು ಹೆಚ್ಚುಕಡಿಮೆ ಎಪ್ಪತ್ತೈದೂವರೆ ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಅಲ್ಲಿಂದ ನೆಟ್ಟಗೆ ದಕ್ಷಿಣಕ್ಕೆ ಸ್ಕೇಲು ಇಟ್ಟರೆ ಗೆರೆ ಶಿರಹಟ್ಟಿಯ ಪಕ್ಕದಲ್ಲೇ ಹಾದು, ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ ಇಳಿದು, ಶಿವಮೊಗ್ಗವನ್ನು ಸವರಿಕೊಂಡು, ಮಲೆನಾಡನ್ನು ದಾಟಿ ತಲಕಾವೇರಿಯ ಹತ್ತಿರ ಕೊಡಗಿನ ಬೆಟ್ಟಗಳನ್ನು ಇಳಿಯುತ್ತದೆ. ಕೇರಳದ ತಲಶ್ಶೇರಿ, ಮಾಹೆಗಳ ಬಳಿ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ನೀರೇ ನೀರು. ಮಾಲ್ದೀವ್ಸ್ ಬಲಕ್ಕೆ ಉಳಿಯುತ್ತದೆ. ಬಹಳ ಕೆಳಗೆ ಕೆರ್ಗೆಲೆನ್, ಹರ್ಡ್ ದ್ವೀಪಗಳೂ ಬಲಕ್ಕೇ ಉಳಿಯುತ್ತವೆ. ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ಉದ್ದಕ್ಕೂ ಒಂದು ಬಂಡೆಯೂ ಅಡ್ಡ ಬರುವುದಿಲ್ಲ. ಗೆರೆ ಕೊನೆಗೆ ಹೋಗಿ ಮುಟ್ಟುವುದು ಅಂಟಾರ್ಕ್ಟಿಕಾದ ಪ್ರಿಡ್ಜ್ ಕೊಲ್ಲಿಯನ್ನು.

ಇಲ್ಲಿ ನಾನು ಸ್ಕೇಲನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಏಕೆಂದರೆ ಆ ಗೆರೆ ದಡ ಮುಟ್ಟುವ ಕಡೆಯಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ಪೂರ್ವಕ್ಕೆ, ಲಾರ್ಸ್‌ಮನ್ ಗುಡ್ಡಗಳೆಂಬ ಬೋಳು ಕಲ್ಲುಗುಡ್ಡಗಳ ನಡುವೆ, ನಮ್ಮ ದೇಶದ ಭಾರತಿ ಕೇಂದ್ರವಿದೆ. ಇಪ್ಪತ್ತೈದು ಕಿಲೋಮೀಟರ್ ಎಂದರೆ ಇಲ್ಲಿಂದ ಅಣ್ಣಿಗೇರಿ ದಾಟಿ ಸ್ವಲ್ಪ ಮುಂದೆ ಹೋದಂತೆ, ಅಷ್ಟೇ. ಒಂಬತ್ತು ಸಾವಿರದ ನಾನೂರು ಕಿಲೋಮೀಟರ್ ನೆಟ್ಟಗೆ ಹೋದವಳಿಗೆ ಅದೊಂದು ದೂರವೇ? ನಾನು "ಏನೂ ಇಲ್ಲ" ಎಂದ ಜಾಗದಲ್ಲಿ, ವರ್ಷದ ಹನ್ನೆರಡೂ ತಿಂಗಳು ದೀಪ ಉರಿಯುವ, ನಮ್ಮವರು ಅನ್ನ ಸಾರು ಮಾಡಿಕೊಂಡು ಉಣ್ಣುವ ಮನೆಯೊಂದಿದೆ!

ಅದು ಮನೆಯೇನೋ ಹೌದು, ಆದರೆ ಗೋಡೆ ಕಟ್ಟಿದ ಮನೆಯಲ್ಲ. ಹಡಗಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಪೆಟ್ಟಿಗೆಗಳಿರುತ್ತವಲ್ಲ, ಅಂತಹ 134 ಕಂಟೇನರುಗಳನ್ನು ಜೋಡಿಸಿ, ಹೊರಗೆ ಹೊದಿಕೆ ಹಾಕಿ ಕಟ್ಟಿದ್ದು. ಕೆಲಸ ಆರಂಭಿಸಿದ್ದು 2012ರ ಮಾರ್ಚ್‌ನಲ್ಲಿ. ಮೇ ತಿಂಗಳ ಕೊನೆಯಿಂದ ಸುಮಾರು ಏಳು ವಾರ ಅಲ್ಲಿ ಸೂರ್ಯ ಮೂಡುವುದಿಲ್ಲ. ನಮ್ಮಲ್ಲಿ ಚಳಿಗಾಲವಿರುವ ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ನಾವು ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿ ಎಂಥಾ ಗಾಳಿ ಎನ್ನುತ್ತೇವೆ. ಅಲ್ಲಿ ಒಳನಾಡಿನ ಹಿಮದ ಮೇಲೆ ತಣ್ಣಗಾಗಿ ಭಾರವಾದ ಗಾಳಿ, ಇಳಿಜಾರಿನಲ್ಲಿ ನೀರು ಹರಿದಂತೆ ಕಡಲಿನ ಕಡೆಗೆ ಹರಿದು ಬರುತ್ತದೆ. ಅದು ಜೋರಾದಾಗ ಮನುಷ್ಯರು ನೇರ ನಿಲ್ಲಲಾರರು.

ಇನ್ನೊಂದು ದಾರಿಯಿಂದಲೂ ನಮ್ಮೂರಿಗೆ ಆ ಹಿಮದ ನಾಡಿನ ನಂಟಿದೆ. ನಮ್ಮ ಹುಲಕೋಟಿ ಸ್ಟೇಶನ್ನಿನ ಹಳಿಯ ಮೇಲೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಜಲಪಾತವನ್ನು ಕಿಟಕಿಯಲ್ಲೇ ನೋಡಿಕೊಂಡು ಇಳಿದರೆ ಹಳಿ ಮುಗಿಯುವುದು ಗೋವಾದ ವಾಸ್ಕೋದಲ್ಲಿ, ಮುರ್ಮಗೋವಾ ಬಂದರಿನ ಪಕ್ಕದಲ್ಲಿ. ಮದುವೆಯಾದ ಹೊಸದರಲ್ಲಿ ಒಮ್ಮೆ, ಮಕ್ಕಳಾದ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋಗಿದ್ದೇನೆ. ಬಂದರಿನ ಮೇಲಿನ ಗುಡ್ಡದಲ್ಲಿರುವ ಹೆಡ್‌ಲ್ಯಾಂಡ್ ಸಡಾ ಎಂಬ ಕಡೆ ಸಮುದ್ರ ನೋಡುತ್ತಾ ಬುತ್ತಿ ಬಿಚ್ಚಿ ಚಪಾತಿ ತಿಂದಿದ್ದೇವೆ. ಭಾರತದ ಧ್ರುವ ಸಂಶೋಧನೆಗಳನ್ನೆಲ್ಲ ನಡೆಸುವ ರಾಷ್ಟ್ರೀಯ ಕೇಂದ್ರ ಇರುವುದು ಅದೇ ಗುಡ್ಡದಲ್ಲಿ ಎಂಬುದು ಆಗ ನನಗೆ ಗೊತ್ತಿರಲಿಲ್ಲ. 1998ರಲ್ಲಿ ಅದು ಅಲ್ಲಿ ಆರಂಭವಾಯಿತು. ಅದಕ್ಕೂ ಮೊದಲು, 1981ರ ಡಿಸೆಂಬರ್ 6ರಂದು ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಹಡಗು ಹತ್ತಿದ್ದೂ ಗೋವಾದಿಂದಲೇ.

ಆ ಮೊದಲ ತಂಡದ ನಾಯಕರ ಬಗ್ಗೆ ನಮ್ಮ ಮನೆಗಳಲ್ಲಿ ಎಷ್ಟು ಜನರಿಗೆ ಗೊತ್ತು? ಅವರ ಹೆಸರು ಡಾ. ಸೈಯದ್ ಝಹೂರ್ ಖಾಸಿಂ. 1926ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದವರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಬ್ರಿಟನ್ನಿನ ವೇಲ್ಸ್‌ಗೆ ಹೋಗಿ ಡಾಕ್ಟರೇಟ್ ಮಾಡಿದರು. ಮೀನು, ಸಿಗಡಿ, ಕಡಲಿನ ಸೂಕ್ಷ್ಮ ಜೀವಿಗಳು ಅವರ ವಿಷಯ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 1981ರಲ್ಲಿ ಕೇಂದ್ರ ಸರಕಾರ ಸಾಗರ ಅಭಿವೃದ್ಧಿ ಇಲಾಖೆಯನ್ನು ಹೊಸದಾಗಿ ತೆರೆಯಿತು, ಮುಂದೆ ಅವರು ಅದರ ಕಾರ್ಯದರ್ಶಿಯಾದರು. ಆ ವರ್ಷವೇ 21 ಜನರ ತಂಡ ಕಟ್ಟಿಕೊಂಡು ಪೋಲಾರ್ ಸರ್ಕಲ್ ಎಂಬ ನಾರ್ವೆಯ ಬಾಡಿಗೆ ಹಡಗಿನಲ್ಲಿ ಹೊರಟರು. ಇಡೀ ಸಿದ್ಧತೆ ಗುಟ್ಟಾಗಿ ನಡೆದಿತ್ತು. 1982ರ ಜನವರಿ 9ರಂದು ಅವರು ಹಿಮದ ಮೇಲೆ ಕಾಲಿಟ್ಟಾಗ ಅವರಿಗೆ ಐವತ್ತೈದು ವರ್ಷ. ನಮ್ಮಲ್ಲಿ ಐವತ್ತೈದಕ್ಕೆ ಗಂಡಸರು ಮೊಣಕಾಲು ನೋವೆಂದು ಕಟ್ಟೆಯ ಮೇಲೆ ಕೂರುತ್ತಾರೆ. ಮುಂದೆ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕುಲಪತಿಯಾದರು, ಯೋಜನಾ ಆಯೋಗದ ಸದಸ್ಯರಾದರು, 2015ರಲ್ಲಿ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಚಿತ್ರನಟರ ಹೆಸರು ಮಗ್ಗಿಯಂತೆ ಒಪ್ಪಿಸುವ ನನ್ನ ತರಗತಿಯಲ್ಲಿ ಇವರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಅದು ಮಕ್ಕಳ ತಪ್ಪಲ್ಲ.

ಖಾಸಿಂ ಅವರ ತಂಡ ಇಳಿದದ್ದು ಪ್ರಿಡ್ಜ್ ಕೊಲ್ಲಿಯಲ್ಲಲ್ಲ, ಅದರಿಂದ ಬಹಳ ಪಶ್ಚಿಮಕ್ಕಿರುವ ಡ್ರೋನಿಂಗ್ ಮೌಡ್ ಲ್ಯಾಂಡ್ ಎಂಬಲ್ಲಿ. 1983-84ರಲ್ಲಿ ಮೂರನೆಯ ತಂಡ ಅಲ್ಲಿ ದಕ್ಷಿಣ ಗಂಗೋತ್ರಿ ಎಂಬ ಮೊದಲ ಕೇಂದ್ರವನ್ನು ಕಟ್ಟಿತು. ಆ ತಂಡದಲ್ಲಿ ಇಬ್ಬರು ಮಹಿಳೆಯರಿದ್ದರು: ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಮತ್ತು ಸಾಗರ ವಿಜ್ಞಾನಿ ಅದಿತಿ ಪಂತ್. ಅಂಟಾರ್ಕ್ಟಿಕಾಕ್ಕೆ ಹೋದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು ಇವರೇ. ದಕ್ಷಿಣ ಗಂಗೋತ್ರಿಯ ಕಥೆ ಮಾತ್ರ ದೀರ್ಘವಾಗಲಿಲ್ಲ. ಅದನ್ನು ಕಟ್ಟಿದ್ದು ಕಡಲಿಗೆ ಚಾಚಿಕೊಂಡ ಮಂಜುಗಡ್ಡೆಯ ಚಪ್ಪರದ ಮೇಲೆ. ವರ್ಷವರ್ಷವೂ ಬೀಳುವ ಹಿಮ ಅದನ್ನು ಮುಚ್ಚುತ್ತಾ ಬಂತು. 1990ರಲ್ಲಿ ಬಿಟ್ಟುಬಿಡಬೇಕಾಯಿತು. ಅಷ್ಟರಲ್ಲಿ ಒಳಗಡೆ, ಶಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಕಲ್ಲುನೆಲದಲ್ಲಿ ಎರಡನೆಯ ಕೇಂದ್ರ ಮೈತ್ರಿ ಸಿದ್ಧವಾಗಿತ್ತು. ಅಲ್ಲಿನ ಸಿಹಿನೀರಿನ ಕೆರೆಗಳ ಕೆಸರನ್ನು ನಮ್ಮ ಮಂಗಳೂರು ವಿಶ್ವವಿದ್ಯಾಲಯದವರೂ ಪರೀಕ್ಷಿಸಿದ್ದಾರೆ. ನಲವತ್ತು ಸಾವಿರ ವರ್ಷಗಳಷ್ಟು ಹಿಂದಿನ ಹವಾಮಾನದ ಗುರುತುಗಳನ್ನು ಆ ಕೆಸರಿನ ಪದರಗಳಲ್ಲಿ ಓದಿದ್ದಾರೆ.

ಈಗ ನಕ್ಷೆಯ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಹೊಲ ಇರುವವರಿಗೆ ಮೋಜಣಿ ಎಂದರೇನೆಂದು ಗೊತ್ತಿರುತ್ತದೆ. ಸರ್ವೇಯರ್ ಬಂದರೆ ಮೊದಲು ಹುಡುಕುವುದು ಬಾಂದು ಕಲ್ಲನ್ನು. ಅದು ಸಿಕ್ಕರೆ ಅಲ್ಲಿಂದ ಅಳತೆ ಆರಂಭ. ಇಡೀ ಭಾರತದ ನಕ್ಷೆ ತಯಾರಾದದ್ದೂ ಹೀಗೆಯೇ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಬೆಂಗಳೂರಿನ ಹತ್ತಿರ ಸರಪಳಿ ಹಾಸಿ ಒಂದು ನೇರ ಗೆರೆಯನ್ನು ಅಳೆದ. ಅಂಥ ಗೆರೆಗಳ ತುದಿಯಿಂದ ಗುಡ್ಡಗಳನ್ನು ನೋಡಿ ತ್ರಿಕೋನಗಳನ್ನು ಕಟ್ಟುತ್ತಾ ಆ ಕೆಲಸವನ್ನು ಮುಂದೆ ಬೇರೆಯವರು ಹಿಮಾಲಯದವರೆಗೆ ಒಯ್ದರು. ನೆಲ ಗಟ್ಟಿ, ಕಲ್ಲು ಗಟ್ಟಿ, ಗುಡ್ಡ ಕದಲುವುದಿಲ್ಲ.

ಆದರೆ ಬಾಂದು ಕಲ್ಲೇ ನಡೆಯತೊಡಗಿದರೆ? ಅಂಟಾರ್ಕ್ಟಿಕಾದ ನೂರಕ್ಕೆ ತೊಂಬತ್ತೆಂಟು ಪಾಲು ಹಿಮದಡಿಯಲ್ಲಿದೆ, ಆ ಹಿಮ ನಿಂತ ಹಿಮವಲ್ಲ. ನಮ್ಮ ಗೆರೆಯ ಬಲಕ್ಕೆ, ಪ್ರಿಡ್ಜ್ ಕೊಲ್ಲಿಗೆ ಬಂದು ಸೇರುವ ಲ್ಯಾಂಬರ್ಟ್ ಹಿಮನದಿ ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾದದ್ದು. ಅದರ ತುದಿಯಲ್ಲಿರುವ ಏಮರಿ ಮಂಜುಚಪ್ಪರದ ಅಂಚು ವರ್ಷಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು ಸಮುದ್ರದ ಕಡೆಗೆ ಸರಿಯುತ್ತದೆ. 2019ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಒಂದು ತುಂಡು ಕಳಚಿ ತೇಲಿಹೋಯಿತು. ಅದರ ವಿಸ್ತೀರ್ಣ 1636 ಚದರ ಕಿಲೋಮೀಟರ್. ನಮ್ಮ ಗದಗ ಜಿಲ್ಲೆ 4656 ಚದರ ಕಿಲೋಮೀಟರ್. ಅಂದರೆ ಜಿಲ್ಲೆಯ ಮೂರನೇ ಒಂದು ಪಾಲು ಒಂದು ದಿನ ಬೆಳಿಗ್ಗೆ ಎದ್ದು ನಡೆದು ಹೋದಂತೆ! ಇಂಥ ನಾಡಿನ ನಕ್ಷೆ ಬರೆಯುವವರ ಪಾಡನ್ನು ನೀವೇ ಊಹಿಸಿ.

ಬಹಳ ಕಾಲ ಯಾರೂ ನೋಡದೆಯೇ ಬರೆದರು. ಉತ್ತರದಲ್ಲಿ ಇಷ್ಟು ನೆಲವಿದ್ದರೆ ತೂಕ ಸರಿಹೋಗಲು ದಕ್ಷಿಣದಲ್ಲೂ ಇರಲೇಬೇಕೆಂದು ಹಳೆಯ ಯುರೋಪಿಯನ್ನರು ನಕ್ಷೆಯ ಕೆಳಗೆ ದೊಡ್ಡದೊಂದು ಖಂಡವನ್ನು ಸುಮ್ಮನೆ ಬಿಡಿಸುತ್ತಿದ್ದರು. 1773ರ ಜನವರಿಯಲ್ಲಿ ಜೇಮ್ಸ್ ಕುಕ್ ಹಡಗಿನಲ್ಲಿ ದಕ್ಷಿಣ ಧ್ರುವವೃತ್ತವನ್ನು ದಾಟಿದರೂ ಮಂಜುಗಡ್ಡೆ ಅಡ್ಡವಾಗಿ ನೆಲ ಕಾಣದೆ ಹಿಂದಿರುಗಿದ. 1820ರಲ್ಲಿ ರಷ್ಯಾದ ಬೆಲಿಂಗ್ಸ್‌ಹೌಸನ್ ತಂಡ ಆ ಹಿಮದ ಅಂಚನ್ನು ಕಂಡಿತು. ಧ್ರುವ ಬಿಂದುವಿಗೆ ಅಮುಂಡ್ಸನ್ ತಲುಪಿದ್ದು 1911ರ ಡಿಸೆಂಬರ್‌ನಲ್ಲಿ, ಅದು ಎಲ್ಲರಿಗೂ ಗೊತ್ತಿರುವ ಪಾಠ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಉಸ್ಮಾನೀ ನೌಕಾಧಿಕಾರಿ ಪೀರಿ ರಈಸ್ 1513ರಲ್ಲಿ ಬರೆದ ನಕ್ಷೆಯಲ್ಲಿ ಅಂಟಾರ್ಕ್ಟಿಕಾ ಇದೆ, ಅದೂ ಹಿಮವಿಲ್ಲದ ಅಂಟಾರ್ಕ್ಟಿಕಾ ಇದೆ ಎಂಬ ಮಾತನ್ನು ನೀವು ಕೇಳಿರಬಹುದು. ಮೊದಲು ಪತ್ರಿಕೆಗಳಲ್ಲಿ ಬರುತ್ತಿತ್ತು, ಈಗ ವಾಟ್ಸಾಪಿನಲ್ಲಿ ಬರುತ್ತದೆ. ನಾನು ಹಲವು ವರ್ಷ ಅದನ್ನು ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದೇನೆ. ಅದು ನಿಜವಲ್ಲ. ಆ ನಕ್ಷೆ ನಿಜ. 1929ರಲ್ಲಿ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಸಿಕ್ಕಿತು, ಜಿಂಕೆ ಅಥವಾ ಗಸೆಲ್ ಚರ್ಮದ ಮೇಲೆ ಬರೆದ ಸೊಗಸಾದ ನಕ್ಷೆ. ಆದರೆ ಅದರ ಕೆಳಗೆ ಬಾಗಿಕೊಂಡು ಹೋಗಿರುವ ದಡ ದಕ್ಷಿಣ ಅಮೆರಿಕಾದ್ದೇ, ಅಥವಾ ಆ ಕಾಲದವರು ಊಹಿಸಿದ್ದ ದಕ್ಷಿಣ ಖಂಡದ್ದು ಎಂದು ನಕ್ಷೆಗಳ ಇತಿಹಾಸ ಬಲ್ಲವರು ಹೇಳುತ್ತಾರೆ. ಹಿಮವಂತೂ ಲಕ್ಷಾಂತರ ವರ್ಷಗಳಿಂದ ಅಲ್ಲಿದೆ. ಅದಿಲ್ಲದ ದಡವನ್ನು ನೋಡಿ ಬರೆಯಲು ಯಾವ ಮನುಷ್ಯನಿಗೂ ಸಾಧ್ಯವಿರಲಿಲ್ಲ. ನಮ್ಮವರ ಹಿರಿಮೆಗೆ ಸುಳ್ಳಿನ ಒರಗು ಬೇಕೇ? 1154ರಲ್ಲಿ ಅಲ್ ಇದ್ರೀಸಿ ಸಿಸಿಲಿಯ ರಾಜನಿಗಾಗಿ ಬರೆದ ಪ್ರಪಂಚದ ನಕ್ಷೆ ಇದೆ, ಅದರಲ್ಲಿ ದಕ್ಷಿಣವೇ ಮೇಲಿದೆ. ನನ್ನ ವಿದ್ಯಾರ್ಥಿನಿ ಆ ನಕ್ಷೆಯ ಮುಂದೆ ನಿಂತಿದ್ದರೆ "ಸೀದಾ ಮ್ಯಾಗ ಹೋದ್ರ ಏನ್ ಬರತೈತಿ" ಎಂದು ಕೇಳುತ್ತಿದ್ದಳು. ಹಳೆಯ ಪಾಠವನ್ನು ತಿದ್ದಿ ಹೇಳಿದ ದಿನ ಹಿಂದಿನ ಬೆಂಚಿನವಳೊಬ್ಬಳು, "ಹಂಗಾದ್ರ ಹೋದ ವರ್ಷ ಕಲಿತವರಿಗೆ ಯಾರ್ ಹೇಳ್ತಾರ್ರೀ?" ಎಂದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವರಲ್ಲಿ ಕೆಲವರಾದರೂ ಇದನ್ನು ಓದಲೆಂದು ಬರೆಯುತ್ತಿದ್ದೇನೆ.

ನಮ್ಮ ಗೆರೆ ಮುಟ್ಟುವ ದಡಕ್ಕೆ ಇಂಗ್ರಿಡ್ ಕ್ರಿಸ್ಟೆನ್ಸನ್ ದಡವೆಂದು ಹೆಸರು. ಅದರ ಹಿಂದಿನ ವಿಶಾಲ ಹಿಮಬಯಲಿಗೆ ಪ್ರಿನ್ಸೆಸ್ ಎಲಿಜಬೆತ್ ಲ್ಯಾಂಡ್ ಎಂದು ಹೆಸರು. ಎರಡೂ ಹೆಣ್ಣಿನ ಹೆಸರುಗಳೇ. ಎಲಿಜಬೆತ್ ಎಂದರೆ ಮುಂದೆ ಬ್ರಿಟನ್ನಿನ ರಾಣಿಯಾಗಿ 2022ರಲ್ಲಿ ತೀರಿಕೊಂಡವರು. 1931ರಲ್ಲಿ ಮಾಸನ್ ಎಂಬ ಆಸ್ಟ್ರೇಲಿಯಾದ ಅನ್ವೇಷಕ ಆ ಹೆಸರಿಟ್ಟಾಗ ಆಕೆ ನಾಲ್ಕು ವರ್ಷದ ಮಗು. ಕರ್ನಾಟಕಕ್ಕಿಂತ ದೊಡ್ಡದೊಂದು ನಾಡು ಆಟಿಕೆಯಂತೆ ಆ ಮಗುವಿನ ಪಾಲಾಯಿತು. ಇಂಗ್ರಿಡ್ ಕ್ರಿಸ್ಟೆನ್ಸನ್ ಮಾತ್ರ ಹಾಗಲ್ಲ. ಆಕೆ ನಾರ್ವೆಯ ತಿಮಿಂಗಿಲ ಬೇಟೆಯ ಹಡಗುಗಳ ಒಡೆಯ ಲಾರ್ಸ್ ಕ್ರಿಸ್ಟೆನ್ಸನ್‌ರ ಪತ್ನಿ. ಆರು ಮಕ್ಕಳ ತಾಯಿ. ಗಂಡನ ಜೊತೆ ನಾಲ್ಕು ಬಾರಿ ಆ ಕಡಲಿಗೆ ಹೋದವರು.

ಆದರೆ ಆ ದಡವನ್ನು ಮೊದಲು ಕಂಡು ಇಂಗ್ರಿಡ್ ಅವರ ಹೆಸರಿಟ್ಟಿದ್ದು ಅವರ ಒಂದು ಹಡಗಿನ ಕ್ಯಾಪ್ಟನ್ ಕ್ಲಾರಿಯಸ್ ಮಿಕೆಲ್ಸನ್. 1935ರ ಫೆಬ್ರವರಿ 20ರಂದು. ಅಂದು ದೋಣಿಯಲ್ಲಿ ದಡಕ್ಕೆ ಹೋದವರಲ್ಲಿ ಅವರ ಪತ್ನಿ ಕ್ಯಾರೊಲಿನ್ ಕೂಡ ಇದ್ದರು. ಕಲ್ಲುಗುಪ್ಪೆ ಕಟ್ಟಿ, ಕೋಲು ನೆಟ್ಟು ನಾರ್ವೆಯ ಬಾವುಟ ಏರಿಸಿದರು. ಸುತ್ತ ಪೆಂಗ್ವಿನ್‌ಗಳು. ಅಲ್ಲೇ ಕುಳಿತು ತಿಂಡಿ ತಿಂದು ಕಾಫಿ ಕುಡಿದು ಹಡಗಿಗೆ ಮರಳಿದರು. ಅಂಟಾರ್ಕ್ಟಿಕಾದಲ್ಲಿ ಕಾಲಿಟ್ಟ ಮೊದಲ ಮಹಿಳೆ ಎಂದು ದಾಖಲಾದವರು ಆಕೆ.

ಆಮೇಲೆ ಏನಾಯಿತು ಗೊತ್ತೇ? ಏನೂ ಆಗಲಿಲ್ಲ. ಕ್ಯಾಪ್ಟನ್ ತೀರಿಕೊಂಡರು, ಕ್ಯಾರೊಲಿನ್ ಮರುಮದುವೆಯಾದರು. ಹೊಸ ಮನೆಯಲ್ಲಿ ಹಳೆಯ ಸಂಸಾರದ ಮಾತೆತ್ತಿ ಗಂಡನ ಮನಸ್ಸಿಗೆ ನೋವು ಮಾಡಬಾರದೆಂದು ಸುಮ್ಮನಿದ್ದರಂತೆ. ಒಂದೆರಡು ವರ್ಷವಲ್ಲ, ಅರವತ್ತು ವರ್ಷ! 1995ರಲ್ಲಿ ಅದೇ ದಡದ ಡೇವಿಸ್ ಎಂಬ ಆಸ್ಟ್ರೇಲಿಯನ್ ಕೇಂದ್ರದ ಮುಖ್ಯಸ್ಥೆಯಾಗಿದ್ದ ಡಯಾನಾ ಪ್ಯಾಟರ್ಸನ್ ಹುಡುಕಿಸಿದ ಮೇಲೆ, ನಾರ್ವೆಯಲ್ಲಿ ಮುಪ್ಪಿನಲ್ಲಿದ್ದ ಕ್ಯಾರೊಲಿನ್ ಮೊದಲ ಬಾರಿಗೆ ಬಹಿರಂಗವಾಗಿ ಬಾಯಿಬಿಟ್ಟರು. ಆ ಕಲ್ಲುಗುಪ್ಪೆಯೂ ಸಿಕ್ಕಿತು. ಅಳೆದು ನೋಡಿದರೆ ಅದಿದ್ದದ್ದು ಖಂಡದ ನೆಲದ ಮೇಲಲ್ಲ, ದಡದ ಪಕ್ಕದ ಒಂದು ಪುಟ್ಟ ದ್ವೀಪದಲ್ಲಿ. ಹಾಗಾದರೆ ಖಂಡದ ನೆಲ ಮುಟ್ಟಿದ ಮೊದಲ ಮಹಿಳೆ, 1937ರ ಜನವರಿಯಲ್ಲಿ ಇನ್ನೊಂದು ಕಡೆ ಇಳಿದ ಇಂಗ್ರಿಡ್ ಎನ್ನುವವರಿದ್ದಾರೆ. ಅಂದು ಇಂಗ್ರಿಡ್ ಜೊತೆ ಮಗಳೂ ಇನ್ನಿಬ್ಬರು ಮಹಿಳೆಯರೂ ಇದ್ದರು. ಪ್ರಿಡ್ಜ್ ಕೊಲ್ಲಿಯ ನೀರಿನಡಿಯ ಒಂದು ದಿಬ್ಬಕ್ಕೆ ಇಂದಿಗೂ ನಾಲ್ಕು ಮಹಿಳೆಯರ ದಿಬ್ಬವೆಂದೇ ಹೆಸರು. ದ್ವೀಪವೋ ನೆಲವೋ ಎಂಬ ಜಗಳ ಗಂಡಸರಿಗೆ ಬಿಟ್ಟದ್ದು. ಅರವತ್ತು ವರ್ಷ ಒಬ್ಬ ಹೆಂಗಸು ಅಷ್ಟು ದೊಡ್ಡ ಸಂಗತಿಯನ್ನು ಅಡುಗೆಮನೆಯ ಡಬ್ಬಿಯಲ್ಲಿ ಹಣ ಮುಚ್ಚಿಟ್ಟಂತೆ ಮುಚ್ಚಿಟ್ಟುಕೊಂಡಿದ್ದರಲ್ಲ, ನನಗೆ ಅದೇ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮ ಓಣಿಯ ಹಿರಿಯ ಖಾಲಾಗಳಲ್ಲಿ ಎಷ್ಟು ಜನರ ಒಳಗೆ ಎಂಥೆಂಥ ದಡಗಳಿವೆಯೋ, ಯಾರು ಕೇಳಿದ್ದಾರೆ?

ಮುಂದಿನ ನಕ್ಷೆಗಳು ವಿಮಾನದಿಂದ ಬಂದವು. 1936-37ರಲ್ಲಿ ಕ್ರಿಸ್ಟೆನ್ಸನ್ ಕಳಿಸಿದ ತಂಡ ಮೇಲಿನಿಂದ ತೆಗೆದ ಫೋಟೋಗಳಿಂದಲೇ ಲಾರ್ಸ್‌ಮನ್ ಗುಡ್ಡಗಳ ಮೊದಲ ನಕ್ಷೆ ಆದದ್ದು. 1938-39ರಲ್ಲಿ ಜರ್ಮನಿಯವರು ಡ್ರೋನಿಂಗ್ ಮೌಡ್ ಲ್ಯಾಂಡಿನ ಮೇಲೆ ಹಾರಿ ಹನ್ನೊಂದು ಸಾವಿರಕ್ಕೂ ಹೆಚ್ಚು ಫೋಟೋ ತೆಗೆದರು. ಮೈತ್ರಿ ಇರುವ ಜಾಗವನ್ನು ಕಂಡದ್ದು ಆಗಲೇ, ಶಿರ್ಮಾಕರ್ ಎಂಬುದು ಆ ವಿಮಾನ ಚಾಲಕನ ಹೆಸರು. 1946-47ರಲ್ಲಿ ಅಮೆರಿಕದ ನೌಕಾಪಡೆ 13 ಹಡಗುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಕಳಿಸಿ ಸುಮಾರು 70 ಸಾವಿರ ಫೋಟೋ ತೆಗೆಸಿತು. ಆದರೂ ಒಳ್ಳೆಯ ನಕ್ಷೆ ಆಗಲಿಲ್ಲ. ಕಾರಣ ಮತ್ತದೇ ಬಾಂದು ಕಲ್ಲು. ಫೋಟೋದಲ್ಲಿ ಕಾಣುವ ಬೆಟ್ಟ ಭೂಮಿಯ ಮೇಲೆ ನಿಖರವಾಗಿ ಎಲ್ಲಿದೆ ಎಂದು ಕೆಳಗಿಳಿದು ಅಳೆದವರೇ ಇರಲಿಲ್ಲ. ಮರುವರ್ಷ ಹೆಲಿಕಾಪ್ಟರ್ ಕೊಟ್ಟು ಬೇರೊಂದು ತಂಡವನ್ನು ಅದಕ್ಕಾಗಿಯೇ ಕಳಿಸಬೇಕಾಯಿತು. ಲ್ಯಾಂಬರ್ಟ್ ಹಿಮನದಿಗೆ ಆ ಫೋಟೋಗಳನ್ನು ಓದಿದ ಅಮೆರಿಕನ್ನರು ಬೇಕರ್ ಎಂಬ ವಿಮಾನ ತಂಡದ ಹೆಸರಿಟ್ಟಿದ್ದರು. ಆಮೇಲೆ ಸ್ಥಳಕ್ಕೇ ಹೋಗಿ ಅಳೆದ ಆಸ್ಟ್ರೇಲಿಯನ್ನರು ತಮ್ಮ ರಾಷ್ಟ್ರೀಯ ನಕ್ಷಾ ಇಲಾಖೆಯ ನಿರ್ದೇಶಕ ಬ್ರೂಸ್ ಲ್ಯಾಂಬರ್ಟ್ ಹೆಸರಿಟ್ಟರು. ರಾಜರ, ರಾಣಿಯರ, ಹಣವಂತರ ಹೆಸರುಗಳ ನಡುವೆ ನಕ್ಷೆ ಮಾಡುವವನೊಬ್ಬನ ಹೆಸರು ಉಳಿದದ್ದು ನನಗೆ ಹಿಡಿಸಿತು.

ಇಡೀ ಖಂಡವನ್ನು ಒಂದೇ ಬಾರಿಗೆ ನೋಡಲು 1997ರವರೆಗೆ ಕಾಯಬೇಕಾಯಿತು. ಕೆನಡಾದ ಒಂದು ಉಪಗ್ರಹವನ್ನು ದಕ್ಷಿಣಕ್ಕೆ ನೋಡುವಂತೆ ತಿರುಗಿಸಿ, ಕತ್ತಲು ಮೋಡಗಳನ್ನು ತೂರಿ ನೋಡುವ ರಾಡಾರಿನಿಂದ 18 ದಿನಗಳಲ್ಲಿ ಪೂರ್ತಿ ಚಿತ್ರ ತೆಗೆದರು. ಅದು ಮೇಲಿನ ಹಿಮದ ಚಿತ್ರ. ಹಿಮದಡಿಯ ನೆಲದ ನಕ್ಷೆ ಇನ್ನೂ ಬರೆಯುತ್ತಲೇ ಇದ್ದಾರೆ. ವಿಮಾನದಿಂದ ರೇಡಿಯೋ ಅಲೆ ಬಿಟ್ಟು, ಅದು ಕಲ್ಲಿಗೆ ಬಡಿದು ಮರಳುವ ಹೊತ್ತನ್ನು ಎಣಿಸಿ ಆಳ ತಿಳಿಯುತ್ತಾರೆ. ಅಂಥ ಅಳತೆಗಳು ತೀರಾ ಕಡಿಮೆ ಇದ್ದ ಕೊನೆಯ ಜಾಗಗಳಲ್ಲಿ, ನಮ್ಮೂರಿನ ನೇರಕ್ಕಿರುವ ಪ್ರಿನ್ಸೆಸ್ ಎಲಿಜಬೆತ್ ಲ್ಯಾಂಡಿನ ಒಳನಾಡೂ ಒಂದಾಗಿತ್ತು. ಅಲ್ಲಿ ಹಿಮದಡಿ ಸಾವಿರ ಕಿಲೋಮೀಟರ್ ಉದ್ದದ ಕಮರಿಗಳಿರಬಹುದೆಂದು 2016ರಲ್ಲಷ್ಟೇ ವಿಜ್ಞಾನಿಗಳು ಬರೆದರು. 2025ರಲ್ಲಿ ಪ್ರಕಟವಾದ ಹೊಸ ನಕ್ಷೆಯ ಪ್ರಕಾರ ಅಂಟಾರ್ಕ್ಟಿಕಾದಲ್ಲಿ ಹಿಮ ಅತಿ ದಪ್ಪವಿರುವ ಕಡೆ 4757 ಮೀಟರ್ ಇದೆ. ಹೆಚ್ಚುಕಡಿಮೆ ಎರಡೂವರೆ ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಆ ಖಂಡದ ಹಿಮವೆಲ್ಲ ಕರಗಿದರೆ ಪ್ರಪಂಚದ ಸಮುದ್ರಗಳು ಸುಮಾರು 58 ಮೀಟರ್ ಏರುತ್ತವೆ. ಅದೆಲ್ಲ ನಾಳೆ ನಾಡಿದ್ದು ಆಗುವುದಲ್ಲ. ಆದರೆ ಒಂದು ಮೀಟರ್ ಏರಿದರೂ ಸಾಕು, ಉಳ್ಳಾಲ, ಭಟ್ಕಳ, ಕಾಸರಗೋಡಿನಲ್ಲಿ ಕಡಲಿಗೆ ಬೆನ್ನು ಹಾಕಿ ಮನೆ ಕಟ್ಟಿರುವ ನಮ್ಮ ಸಹೋದರಿಯರಿಗೆ ಅದರ ಅರ್ಥ ಗೊತ್ತು. ಹಿಮದಡಿಯ ನೆಲ ಯಾವ ಕಡೆ ಇಳಿಜಾರಾಗಿದೆ ಎಂದು ತಿಳಿದರೆ ಮಾತ್ರ ಯಾವ ಹಿಮನದಿ ಎಷ್ಟು ಬೇಗ ಜಾರುತ್ತದೆ ಎಂದು ಹೇಳಬಹುದು. ಆ ನಕ್ಷೆಗೆ ಅಷ್ಟು ಬೆಲೆ ಇರುವುದು ಇದಕ್ಕೇ.

ಭಾರತಿಯಲ್ಲಿ ನಮ್ಮ ಇಸ್ರೋದ ದೊಡ್ಡ ಆಂಟೆನಾಗಳಿವೆ. ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳು ಬಹುತೇಕ ಪ್ರತಿ ಸುತ್ತಿನಲ್ಲೂ ಅಲ್ಲಿ ಹತ್ತಿರ ಬರುವುದರಿಂದ, ಅವು ತೆಗೆದ ಚಿತ್ರಗಳನ್ನು ಅಲ್ಲಿ ಇಳಿಸಿಕೊಳ್ಳುವುದು ಸುಲಭ. ಆ ಕೆಲಸಕ್ಕಾಗಿ 2016ರ ನವೆಂಬರಿನಲ್ಲಿ ಮಂಗಳಾ ಮಣಿ ಎಂಬ ಇಸ್ರೋ ಅಧಿಕಾರಿ ಅಲ್ಲಿಗೆ ಹೋದರು. ವಯಸ್ಸು 56. ಅದಕ್ಕೂ ಮೊದಲು ಹಿಮ ಬೀಳುವುದನ್ನೇ ನೋಡಿರಲಿಲ್ಲವಂತೆ. 23 ಜನರ ತಂಡದಲ್ಲಿ ಅವರೊಬ್ಬರೇ ಮಹಿಳೆ. 403 ದಿನ ಅಲ್ಲಿದ್ದು ಮರಳಿದರು.

ಇಷ್ಟು ಹೇಳಿದ ಮೇಲೆ ತರಗತಿಯಲ್ಲಿ ಬರುವ ಮುಂದಿನ ಪ್ರಶ್ನೆ ನಿಮಗೂ ಹೊಳೆದಿರುತ್ತದೆ: "ಹೊತ್ತು ಮುಳುಗದಿದ್ದರ ಮಗ್ರಿಬ್ ಯಾವಾಗ್ರೀ?" ಇದಕ್ಕೆ ನಮ್ಮ ವಿದ್ವಾಂಸರು ಆಧಾರ ಹುಡುಕಿರುವುದು ದಜ್ಜಾಲನ ಕುರಿತ, ಸಹೀಹ್ ಮುಸ್ಲಿಮಿನಲ್ಲಿರುವ ಹದೀಸಿನಲ್ಲಿ. ಒಂದು ದಿನ ಒಂದು ವರ್ಷದಷ್ಟು ಉದ್ದವಾಗುವ ಮಾತು ಬಂದಾಗ, ಆಗ ಒಂದು ದಿನದ ನಮಾಝ್ ಸಾಕೇ ಎಂದು ಸಹಾಬಿಗಳು ಕೇಳಿದರು. ಸಾಲದು, ಹೊತ್ತನ್ನು ಅಂದಾಜು ಮಾಡಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಹಾಗಾಗಿ ಹತ್ತಿರದ, ಹಗಲು ರಾತ್ರಿ ಸರಿಯಾಗಿರುವ ಊರಿನ ಹೊತ್ತನ್ನೋ ಮಕ್ಕಾದ ಹೊತ್ತನ್ನೋ ಅನುಸರಿಸಬೇಕೆನ್ನುತ್ತಾರೆ. ಕಿಬ್ಲಾದ ಲೆಕ್ಕ ಮಾಡಿ ನೋಡಿದೆ. ಹುಲಕೋಟಿಯಲ್ಲಿ ನಾವು ಪಶ್ಚಿಮಕ್ಕೆ ತುಸು ಬಲಕ್ಕೆ ತಿರುಗಿ ನಿಲ್ಲುತ್ತೇವೆ. ಭಾರತಿಯಲ್ಲಿ ನಿಂತವರು ಉತ್ತರಕ್ಕೆ ಮುಖ ಮಾಡಿ ಸ್ವಲ್ಪ ಎಡಕ್ಕೆ ತಿರುಗಬೇಕು. ಧ್ರುವ ಬಿಂದುವಿನ ಮೇಲೆ ನಿಂತರೆ ಎತ್ತ ತಿರುಗಿದರೂ ಉತ್ತರವೇ. ಅಲ್ಲಿ ಮಕ್ಕಾದ ರೇಖಾಂಶವನ್ನು ಗುರುತಿಸಿ ನಿಲ್ಲಬೇಕು. ಇದನ್ನು ಗ್ಲೋಬಿಗೆ ದಾರ ಹಿಡಿದು ಮಕ್ಕಳೇ ಮಾಡಿ ನೋಡಬಹುದು.

"ಆ ಜಾಗ ಯಾರದು?" ಎಂದೂ ಕೇಳಿದರು. ಉತ್ತರ ಕರ್ನಾಟಕದ ಮಕ್ಕಳು, ಹೊಲದ ವ್ಯಾಜ್ಯ ನೋಡಿ ಬೆಳೆದವರು. ಯಾರ ಹೆಸರಿನಲ್ಲೂ ಉತಾರ ಇಲ್ಲ ಎಂದೆ. ಏಳು ದೇಶಗಳು ತಮ್ಮ ಪಾಲೆಂದು ಗೆರೆ ಎಳೆದುಕೊಂಡಿದ್ದವು. ಭಾರತಿ ಇರುವ ನೆಲವೂ ಆಸ್ಟ್ರೇಲಿಯಾ ತನ್ನದೆನ್ನುವ ಪಾಲಿನಲ್ಲಿದೆ. ಆದರೆ 1959ರ ಒಪ್ಪಂದ ಆ ತಕರಾರುಗಳನ್ನೆಲ್ಲ ಇದ್ದಲ್ಲಿಯೇ ನಿಲ್ಲಿಸಿತು. ಸೈನ್ಯ ಕೂಡದು, ಅಣ್ವಸ್ತ್ರ ಪರೀಕ್ಷೆ ಕೂಡದು. ಸಂಶೋಧನೆಗೆ ಯಾರೂ ಬರಬಹುದು. ಭಾರತ 1983ರಲ್ಲಿ ಅದಕ್ಕೆ ಸೇರಿತು.

ಮುಂದಿನ ಶನಿವಾರ ಗಿರಣಿಯ ಬಡಿಗನೊಬ್ಬನನ್ನು ಕರೆಸಿ ನಕ್ಷೆಯ ರೀಪು ಬಿಚ್ಚಿಸಿದೆವು. ಒಳಗೆ ಸುತ್ತಿಕೊಂಡಿದ್ದ ಭಾಗ ಬಿಸಿಲು ಕಾಣದೆ ಇದ್ದುದರಿಂದ ಉಳಿದ ನಕ್ಷೆಗಿಂತ ಬೆಳ್ಳಗಿತ್ತು. ಅಂಚನ್ನು ಹುಳು ತಿಂದಿತ್ತು. ಗೋಡೆನಕ್ಷೆಯಲ್ಲಿ ಆ ಖಂಡ ಇರುವಂತೆ ಕಾಣುವುದಿಲ್ಲ, ಹಿಂಡಿ ಒಣಹಾಕಿದ ಬಟ್ಟೆಯಂತೆ ಉದ್ದಕ್ಕೆ ಹರಡಿರುತ್ತದೆ, ಗುಂಡಗಿನ ಆಕಾರ ನೋಡಲು ಗ್ಲೋಬೇ ಬೇಕು ಎಂದು ಮಕ್ಕಳಿಗೆ ಹೇಳಿದೆ. ಆ ಹುಡುಗಿ ಸ್ಟೂಲು ಹಾಕಿಕೊಂಡು ಗದಗಿನಿಂದ ಗೆರೆ ಎಳೆಯತೊಡಗಿದಳು. ಸ್ಕೇಲು ಸಾಲಲಿಲ್ಲ. ಇನ್ನೊಬ್ಬಳು ತನ್ನ ಸ್ಕೇಲನ್ನು ಕೆಳಗೆ ಹಿಡಿದಳು. ಜೋಡಿಸಿದ ಕಡೆ, ಸಮುದ್ರದ ನಡುವೆ, ಗೆರೆ ಸ್ವಲ್ಪ ಸೊಟ್ಟಗಾಗಿದೆ. ಅದನ್ನು ಅಳಿಸಿಲ್ಲ. ತುದಿಯಲ್ಲಿ ಅವಳೇ ಪೆನ್ಸಿಲಿನಿಂದ "ಭಾರತಿ" ಎಂದು ಬರೆದಿದ್ದಾಳೆ.